ಅಮೆರಿಕದಲ್ಲಿ ಕುಟುಂಬ ರೇಡಿಯೊ: ಪರವಾನಗಿಯಿಂದ ರಿಪೀಟರ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮೊಬೈಲ್ ಫೋನು ಕೆಲಸ ಮಾಡುವುದು ಅದರ ಟವರ್ ಇರುವ ಕಡೆ ಮಾತ್ರ. ಯೊಸೆಮಿಟಿ, ಡೆತ್ ವ್ಯಾಲಿ, ಲಾಸೆನ್‌ನಂತಹ ರಾಷ್ಟ್ರೀಯ ಉದ್ಯಾನಗಳ ಒಳಗೆ ಎರಡು ಮೂರು ಕಾರುಗಳಲ್ಲಿ ಕುಟುಂಬ ಸಮೇತ ಹೋದವರಿಗೆ, ಮುಂದಿನ ಕಾರು ಯಾವ ತಿರುವಿನಲ್ಲಿ ಹೊರಳಿತೆಂದು ತಿಳಿಯದೆ ಸಿಗ್ನಲ್ ಹುಡುಕುತ್ತಾ ನಿಲ್ಲುವ ಪಾಡು ಗೊತ್ತಿರುತ್ತದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತವು ನಾರ್ತ್ ಕೆರೊಲೈನಾದ ಪಶ್ಚಿಮ ಗುಡ್ಡಗಾಡನ್ನು ಅಪ್ಪಳಿಸಿದಾಗ ಅಲ್ಲಿನ ಹಲವು ಊರುಗಳಲ್ಲಿ ದಿನಗಟ್ಟಲೆ ಮೊಬೈಲ್ ಸಂಪರ್ಕವಿರಲಿಲ್ಲ. ಇಂತಹ ಸಂದರ್ಭಗಳಿಗಾಗಿಯೇ, ಯಾವ ಪರೀಕ್ಷೆಯನ್ನೂ ಬರೆಯದೆ ಒಂದು ಇಡೀ ಕುಟುಂಬ ಬಳಸಬಹುದಾದ ರೇಡಿಯೊ ಸೇವೆಯೊಂದು ಅಮೆರಿಕದಲ್ಲಿದೆ. ಅದರ ಹೆಸರು ಜನರಲ್ ಮೊಬೈಲ್ ರೇಡಿಯೊ ಸರ್ವಿಸ್, ಬಳಕೆಯಲ್ಲಿ ಜಿಎಂಆರ್‌ಎಸ್.

ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಈ ಸೇವೆಯನ್ನು ಮೊದಲಿನಿಂದ ಸರಿಯಾಗಿ ಆರಂಭಿಸುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಆರಂಭಿಸುವವರಲ್ಲಿ ಹೆಚ್ಚಿನವರು ಎಷ್ಟು ವಾಟ್‌ನ ರೇಡಿಯೊ ಕೊಳ್ಳಬೇಕೆಂದು ಕೇಳುತ್ತಾರೆ. ಆಂಟೆನಾ ಎಷ್ಟು ಎತ್ತರದಲ್ಲಿರುತ್ತದೆ, ಅದಕ್ಕೆ ಯಾವ ಕೇಬಲ್ ಹೋಗುತ್ತದೆ ಎಂಬುದು ಅದಕ್ಕಿಂತ ಬಹಳ ದೊಡ್ಡ ಪ್ರಶ್ನೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಸಲಹೆಗಳೆಲ್ಲ ಈ ನಂಬಿಕೆಯ ಮೇಲೆಯೇ ನಿಂತಿವೆ.

ಎರಡು ಸೇವೆಗಳು, ಒಂದೇ ಚಾನಲ್‌ಗಳು

ಅಂಗಡಿಯಲ್ಲಿ ಜೋಡಿಯಾಗಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಿಗುವ ಅಗ್ಗದ ವಾಕಿಟಾಕಿಗಳು ಸಾಮಾನ್ಯವಾಗಿ ಎಫ್‌ಆರ್‌ಎಸ್, ಅಂದರೆ ಫ್ಯಾಮಿಲಿ ರೇಡಿಯೊ ಸರ್ವಿಸ್‌ಗೆ ಸೇರಿದವು. 1996ರಲ್ಲಿ ಆರಂಭವಾದ ಈ ಸೇವೆಗೆ ಪರವಾನಗಿ ಬೇಕಿಲ್ಲ. ಆದರೆ ಆ ರೇಡಿಯೊಗಳ ಆಂಟೆನಾವನ್ನು ಬಿಚ್ಚಿ ಬೇರೆಯದನ್ನು ಹಾಕುವಂತಿಲ್ಲ, ಶಕ್ತಿ 2 ವಾಟ್ ಮೀರುವಂತಿಲ್ಲ, ರಿಪೀಟರ್ (ಕೇಳಿದ ಮಾತನ್ನು ಎತ್ತರದ ಜಾಗದಿಂದ ಮರುನುಡಿಯುವ ಯಂತ್ರ) ಬಳಸುವಂತಿಲ್ಲ. ಜಿಎಂಆರ್‌ಎಸ್‌ಗೆ ಪರವಾನಗಿ ಬೇಕು. ಅದಕ್ಕೆ ಪ್ರತಿಯಾಗಿ ಹೊರಗಿನ ಆಂಟೆನಾ, 50 ವಾಟ್‌ವರೆಗಿನ ಶಕ್ತಿ ಮತ್ತು ರಿಪೀಟರ್ ಮೂರೂ ದೊರೆಯುತ್ತವೆ. 2017ರಲ್ಲಿ ಅಮೆರಿಕದ ಸಂವಹನ ಆಯೋಗವಾದ ಎಫ್‌ಸಿಸಿ ನಿಯಮಗಳನ್ನು ಪರಿಷ್ಕರಿಸಿದ ಮೇಲೆ ಎರಡೂ ಸೇವೆಗಳು ಒಂದೇ 22 ಚಾನಲ್‌ಗಳನ್ನು ಹಂಚಿಕೊಂಡಿವೆ. ಹಾಗಾಗಿ ಪರವಾನಗಿ ಪಡೆದ ತಂದೆಯ ಜಿಎಂಆರ್‌ಎಸ್ ರೇಡಿಯೊ ಮತ್ತು ನೆರೆಮನೆಯ ಮಗುವಿನ ಎಫ್‌ಆರ್‌ಎಸ್ ಆಟಿಕೆ ಪರಸ್ಪರ ಮಾತನಾಡಬಲ್ಲವು.

ಚಾನಲ್‌ಗಳನ್ನು ಮೂರು ಗುಂಪಾಗಿ ನೆನಪಿಟ್ಟುಕೊಂಡರೆ ಸಾಕು. 1ರಿಂದ 7ರವರೆಗಿನವು 462 ಮೆಗಾಹರ್ಟ್ಸ್ ಆಸುಪಾಸಿನಲ್ಲಿದ್ದು, ಜಿಎಂಆರ್‌ಎಸ್‌ನವರಿಗೆ ಅಲ್ಲಿ 5 ವಾಟ್ ಮಿತಿಯಿದೆ. 8ರಿಂದ 14ರವರೆಗಿನವು 467 ಮೆಗಾಹರ್ಟ್ಸ್ ಭಾಗದಲ್ಲಿವೆ. ಅಲ್ಲಿ ಎಲ್ಲರಿಗೂ ಅರ್ಧ ವಾಟ್ ಮಾತ್ರ, ಅದೂ ಕೈಯಲ್ಲಿ ಹಿಡಿಯುವ ರೇಡಿಯೊಗಳಿಗೆ ಮಾತ್ರ. 15ರಿಂದ 22ರವರೆಗಿನ ಎಂಟು ಚಾನಲ್‌ಗಳೇ ಈ ಸೇವೆಯ ಬೆನ್ನೆಲುಬು. 462.550ರಿಂದ 462.725 ಮೆಗಾಹರ್ಟ್ಸ್‌ವರೆಗೆ ಹರಡಿರುವ ಇವುಗಳಲ್ಲಿ 50 ವಾಟ್‌ವರೆಗೆ ಬಳಸಬಹುದು, ರಿಪೀಟರ್‌ಗಳು ಮಾತನಾಡುವುದೂ ಇವುಗಳಲ್ಲಿಯೇ.

ಮೊದಲ ಹಂತ: ಪರವಾನಗಿ

ರೇಡಿಯೊ ಕೊಳ್ಳುವುದಕ್ಕೆ ಮೊದಲು ಪರವಾನಗಿಗೆ ಅರ್ಜಿ ಹಾಕುವುದು ಒಳ್ಳೆಯದು, ಏಕೆಂದರೆ ಅದು ಬರಲು ಕೆಲವು ದಿನಗಳು ಹಿಡಿಯಬಹುದು. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಅವರು ಅಮೆರಿಕದ ಪ್ರಜೆಯೇ ಆಗಿರಬೇಕೆಂಬ ಷರತ್ತಿಲ್ಲ. ವಿದೇಶಿ ಸರ್ಕಾರವೊಂದರ ಪ್ರತಿನಿಧಿಯಾಗಿರಬಾರದು ಎಂಬುದಷ್ಟೇ ನಿಯಮ. ಆದ್ದರಿಂದ ಕೆಲಸದ ವೀಸಾದಲ್ಲಿರುವವರೂ ಗ್ರೀನ್ ಕಾರ್ಡ್ ಹೊಂದಿರುವವರೂ ಯಾವ ಸಂಕೋಚವಿಲ್ಲದೆ ಅರ್ಜಿ ಸಲ್ಲಿಸಬಹುದು.

ಮೊದಲು ಎಫ್‌ಸಿಸಿಯ ಕೋರ್ಸ್ ಎಂಬ ಜಾಲತಾಣದಲ್ಲಿ ಖಾತೆ ತೆರೆದು, ಎಫ್‌ಆರ್‌ಎನ್ ಎಂಬ ಹತ್ತು ಅಂಕಿಗಳ ನೋಂದಣಿ ಸಂಖ್ಯೆಯನ್ನು ಪಡೆಯಬೇಕು. ಇದಕ್ಕೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ಕೇಳುತ್ತಾರೆ. ಆ ನಂತರ ಯುಎಲ್‌ಎಸ್ ಎಂಬ ಪರವಾನಗಿ ವ್ಯವಸ್ಥೆಗೆ ಅದೇ ಸಂಖ್ಯೆಯಿಂದ ಪ್ರವೇಶಿಸಿ, ಹೊಸ ಪರವಾನಗಿಯ ಅರ್ಜಿಯಲ್ಲಿ ಸೇವೆಗಳ ಪಟ್ಟಿಯಿಂದ ‘ಝಡ್‌ಎ’ ಎಂಬ ಸಂಕೇತವಿರುವ ಜಿಎಂಆರ್‌ಎಸ್ ಅನ್ನು ಆರಿಸಬೇಕು. ಶುಲ್ಕ 35 ಡಾಲರ್. 2022ರ ಏಪ್ರಿಲ್‌ನಿಂದ ಈ ದರ ಜಾರಿಯಲ್ಲಿದೆ, ಪರವಾನಗಿ ಹತ್ತು ವರ್ಷ ನಡೆಯುತ್ತದೆ. ಅರ್ಜಿಯಲ್ಲಿ ಕೊಡುವ ಅಂಚೆ ವಿಳಾಸ ಸಾರ್ವಜನಿಕರಿಗೆ ಕಾಣುವ ಕಡತವನ್ನು ಸೇರುತ್ತದೆ ಎಂಬುದನ್ನು ಮರೆಯಬಾರದು. ಮನೆಯ ವಿಳಾಸ ಎಲ್ಲರಿಗೂ ತಿಳಿಯುವುದು ಬೇಡವೆನ್ನುವವರು ಅಂಚೆ ಪೆಟ್ಟಿಗೆಯ ವಿಳಾಸವನ್ನು ಕೊಡಬಹುದು. ಅರ್ಜಿ ಮಂಜೂರಾದ ಮೇಲೆ ಡಬ್ಲ್ಯು ಅಕ್ಷರದಿಂದ ಆರಂಭವಾಗುವ, ನಾಲ್ಕು ಅಕ್ಷರ ಮತ್ತು ಮೂರು ಅಂಕಿಗಳ ಕರೆ ಸಂಕೇತವೊಂದು ದೊರೆಯುತ್ತದೆ. ಅದೇ ನಿಮ್ಮ ಇಡೀ ಕುಟುಂಬದ ಗುರುತು.

ಈ ಪರವಾನಗಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವುದು ಕುಟುಂಬದ ವ್ಯಾಪ್ತಿ. ಪತಿ ಅಥವಾ ಪತ್ನಿ, ಮಕ್ಕಳು, ಮೊಮ್ಮಕ್ಕಳು, ತಂದೆತಾಯಿ, ಅಜ್ಜ ಅಜ್ಜಿ, ಒಡಹುಟ್ಟಿದವರು, ಚಿಕ್ಕಪ್ಪ ದೊಡ್ಡಪ್ಪ, ಅತ್ತೆ ಮಾವ, ಸೋದರಳಿಯ ಸೊಸೆಯಂದಿರು, ಮದುವೆಯಿಂದ ಬಂದ ಬಂಧುಗಳು ಎಲ್ಲರೂ ಒಬ್ಬರ ಪರವಾನಗಿಯ ಅಡಿಯಲ್ಲಿ ರೇಡಿಯೊ ಬಳಸಬಹುದು. ಆರು ತಿಂಗಳಿಗೆಂದು ಊರಿನಿಂದ ಬಂದ ಅಪ್ಪ ಅಮ್ಮನಿಗೂ ಹತ್ತು ವರ್ಷದ ಮಗಳಿಗೂ ಬೇರೆ ಕಾಗದಪತ್ರ ಬೇಕಿಲ್ಲ. ಆದರೆ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಈ ಪಟ್ಟಿಯಲ್ಲಿಲ್ಲ. ನಮ್ಮ ಮನೆಗಳಲ್ಲಿ ಅವರು ಅಣ್ಣ ತಂಗಿಯರೇ ಆದರೂ ನಿಯಮದ ದೃಷ್ಟಿಯಲ್ಲಿ ಅವರು ಪ್ರತ್ಯೇಕ ಪರವಾನಗಿ ಪಡೆಯಬೇಕು. ಸ್ನೇಹಿತರಿಗೂ ಇದೇ ಮಾತು ಅನ್ವಯಿಸುತ್ತದೆ.

ಎರಡನೆಯ ಹಂತ: ಕೈರೇಡಿಯೊ ಕೊಳ್ಳುವುದು

ಆರಂಭಕ್ಕೆ 5 ವಾಟ್‌ನ ಎರಡು ಕೈರೇಡಿಯೊಗಳು ಸಾಕು. ಕೊಳ್ಳುವಾಗ ಮೂರು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು. ಆ ರೇಡಿಯೊಗೆ ಎಫ್‌ಸಿಸಿಯ ಭಾಗ 95ಇ ಪ್ರಮಾಣೀಕರಣವಿರಬೇಕು. ಹವ್ಯಾಸಿ ರೇಡಿಯೊಗಳಾದ ಬಾವ್‌ಫೆಂಗ್ ಯುವಿ-5ಆರ್‌ನಂತಹವು ಈ ಕಂಪನಾಂಕಗಳನ್ನು ಮುಟ್ಟಬಲ್ಲವಾದರೂ ಅವುಗಳಿಂದ ಇಲ್ಲಿ ಮಾತನಾಡುವುದು ನಿಯಮಬಾಹಿರ. ಎರಡನೆಯದಾಗಿ, ಕೊಳ್ಳುವ ರೇಡಿಯೊದಲ್ಲಿ ರಿಪೀಟರ್ ಚಾನಲ್‌ಗಳಿರಬೇಕು. ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ ಮಿಡ್‌ಲ್ಯಾಂಡ್ ಜಿಎಕ್ಸ್‌ಟಿ1000ನಂತಹ ಜನಪ್ರಿಯ ಜೋಡಿಗಳಲ್ಲಿ ಅವು ಇಲ್ಲ. ಮೂರನೆಯದಾಗಿ, ಆಂಟೆನಾ ಬಿಚ್ಚುವಂತಿರಬೇಕು. ಬಿಟೆಕ್ ಜಿಎಂಆರ್‌ಎಸ್-ವಿ2, ವೂಕ್ಸನ್ ಕೆಜಿ-935ಜಿ ಈ ಮೂರನ್ನೂ ಪೂರೈಸುವ ಮಾದರಿಗಳು.

ಪೊಟ್ಟಣದ ಮೇಲೆ ಮುದ್ರಿಸಿರುವ ‘35 ಮೈಲಿ’ ಎಂಬ ಅಂಕಿಯನ್ನು ನಂಬಬಾರದು. 462 ಮೆಗಾಹರ್ಟ್ಸ್ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಭೂಮಿಯ ಬಾಗು, ಗುಡ್ಡ, ಕಟ್ಟಡ, ದಟ್ಟ ಮರಗಳು ಅವುಗಳನ್ನು ತಡೆಯುತ್ತವೆ. ಬಯಲು ನೆಲದಲ್ಲಿ ಎಷ್ಟು ದೂರದವರೆಗೆ ಅಲೆ ತಲುಪಬಹುದೆಂಬುದಕ್ಕೆ ಸರಳ ಲೆಕ್ಕವೊಂದಿದೆ. ಆಂಟೆನಾದ ಎತ್ತರವನ್ನು ಮೀಟರ್‌ಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರ್‌ಗಳಲ್ಲಿ ಸಿಗುತ್ತದೆ. ಎರಡೂ ತುದಿಗಳ ದೂರವನ್ನು ಕೂಡಿಸಬೇಕು. ಎದೆಯ ಮಟ್ಟದಲ್ಲಿ, ಅಂದರೆ ಸುಮಾರು 1.5 ಮೀಟರ್ ಎತ್ತರದಲ್ಲಿ ಹಿಡಿದ ರೇಡಿಯೊದ ದಿಗಂತ 5 ಕಿಲೋಮೀಟರ್. ಹಾಗಾಗಿ ಇಬ್ಬರು ಬಯಲಿನಲ್ಲಿ ನಿಂತರೆ ಏನೂ ಅಡ್ಡವಿಲ್ಲದಿದ್ದರೂ 10 ಕಿಲೋಮೀಟರ್ ಆಸುಪಾಸಿಗೆ ಮಿತಿ ಬಂದುಬಿಡುತ್ತದೆ. ಮನೆಗಳ ನಡುವೆ ಇದು ಒಂದೆರಡು ಕಿಲೋಮೀಟರ್‌ಗೆ ಇಳಿಯುವುದು ಸಹಜ. ಅದೇ ಸುತ್ತಲಿನ ನೆಲಕ್ಕಿಂತ 400 ಮೀಟರ್ ಎತ್ತರದ ಬೆಟ್ಟದ ತುದಿಯಲ್ಲಿ ಆಂಟೆನಾ ಇದ್ದರೆ ಅದೊಂದರ ದಿಗಂತವೇ 82 ಕಿಲೋಮೀಟರ್ ಆಗುತ್ತದೆ. ಇಲ್ಲಿ ವಾಟ್ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ.

ರೇಡಿಯೊ ಕೈಗೆ ಬಂದ ಮೇಲೆ ಮೊದಲ ವಾರ ಬೇರೇನನ್ನೂ ಕೊಳ್ಳದೆ, ಒಬ್ಬರು ಮನೆಯಲ್ಲಿದ್ದು ಇನ್ನೊಬ್ಬರು ಬಡಾವಣೆಯಲ್ಲಿ ನಡೆಯುತ್ತಾ ಎಲ್ಲೆಲ್ಲಿ ದನಿ ಕೇಳಿಸುತ್ತದೆ, ಎಲ್ಲಿ ಕರಕರ ಸದ್ದು ಬರುತ್ತದೆ, ಎಲ್ಲಿ ಪೂರ್ತಿ ಕಡಿದುಹೋಗುತ್ತದೆ ಎಂದು ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳಬೇಕು. ಮಹಡಿಯ ಕಿಟಕಿಗೆ ಹೋದಾಗ ಏನು ಬದಲಾಯಿತು, ರೇಡಿಯೊವನ್ನು ಸೊಂಟದಿಂದ ತೆಗೆದು ನೆಟ್ಟಗೆ ಹಿಡಿದಾಗ ಏನು ಬದಲಾಯಿತು ಎಂದು ನೋಡಬೇಕು. ಮುಂದೆ ಕೊಳ್ಳಬೇಕಾದ ಪ್ರತಿಯೊಂದು ವಸ್ತುವನ್ನೂ ಈ ನಕ್ಷೆಯೇ ತೀರ್ಮಾನಿಸುತ್ತದೆ.

ಟೋನ್ ಎಂದರೇನು

ಬಹುತೇಕ ರೇಡಿಯೊಗಳಲ್ಲಿ ‘ಪ್ರೈವೆಸಿ ಕೋಡ್’ ಎಂಬ ಹೆಸರಿನ ಸೌಲಭ್ಯವಿರುತ್ತದೆ. ಆ ಹೆಸರು ದಾರಿ ತಪ್ಪಿಸುವಂಥದು. ನೀವು ಮಾತನಾಡುವಾಗ ರೇಡಿಯೊ ತಗ್ಗು ದನಿಯ ಒಂದು ಸ್ವರವನ್ನು, ಅಂದರೆ ಟೋನನ್ನು, ಉದಾಹರಣೆಗೆ 141.3 ಹರ್ಟ್ಸ್, ಜೊತೆಗೆ ಕಳಿಸುತ್ತದೆ. ಎದುರಿನ ರೇಡಿಯೊ ಆ ಸ್ವರವಿದ್ದರೆ ಮಾತ್ರ ಸ್ಪೀಕರ್ ತೆರೆಯುತ್ತದೆ. ಇದರಿಂದ ಇತರರ ಮಾತು ನಿಮಗೆ ಕೇಳಿಸುವುದಿಲ್ಲವೇ ಹೊರತು ನಿಮ್ಮ ಮಾತು ಇತರರಿಗೆ ಕೇಳಿಸುವುದು ನಿಲ್ಲುವುದಿಲ್ಲ. ಮನೆಯ ಬಾಗಿಲಿನ ಸಂಕೇತ, ಊರಿಗೆ ಹೋಗುವ ದಿನಾಂಕ ಮುಂತಾದವನ್ನು ಯಾವ ಭಾಷೆಯಲ್ಲಿಯೂ ರೇಡಿಯೊದಲ್ಲಿ ಹೇಳಬಾರದು. ಕೆಲವು ತಯಾರಕರು ಸ್ವರದ ಬದಲು ಕ್ರಮಸಂಖ್ಯೆಯನ್ನಷ್ಟೇ ತೋರಿಸುತ್ತಾರೆ. 38 ಸ್ವರಗಳ ಹಳೆಯ ಪಟ್ಟಿಯಲ್ಲಿ 141.3 ಎಂಬುದು 22ನೆಯದು, ಬೇರೆ ಪಟ್ಟಿಯಲ್ಲಿ ಬೇರೆ ಸಂಖ್ಯೆ. ಎರಡು ಕಂಪನಿಗಳ ರೇಡಿಯೊಗಳನ್ನು ಹೊಂದಿಸುವಾಗ ಯಾವಾಗಲೂ ಹರ್ಟ್ಸ್ ನೋಡಿ ಹೊಂದಿಸಬೇಕು.

ಮೂರನೆಯ ಹಂತ: ಕಾರಿನಲ್ಲಿ

ಕಾರಿನ ಒಳಗೆ ಕೈರೇಡಿಯೊ ಹಿಡಿದು ಮಾತನಾಡಿದರೆ ಸುತ್ತಲಿನ ಲೋಹವು ಅಲೆಯ ಬಹುಪಾಲನ್ನು ತಡೆಯುತ್ತದೆ. ಅದೇ ಕೈರೇಡಿಯೊಗೆ ಕಾರಿನ ಛಾವಣಿಯ ಮೇಲಿಡುವ ಅಯಸ್ಕಾಂತದ ಆಂಟೆನಾ ಜೋಡಿಸಿದರೆ ಆಗುವ ವ್ಯತ್ಯಾಸ ಬೆರಗು ಹುಟ್ಟಿಸುವಷ್ಟಿದೆ. ಈ ಕಂಪನಾಂಕದಲ್ಲಿ ಅಲೆಯ ಉದ್ದ ಸುಮಾರು 65 ಸೆಂಟಿಮೀಟರ್. ಅದರ ಕಾಲು ಭಾಗದ, ಅಂದರೆ ಗೇಣಿಗಿಂತ ತುಸು ಚಿಕ್ಕದಾದ 16 ಸೆಂಟಿಮೀಟರ್ ಕಡ್ಡಿಯೇ ಛಾವಣಿಯ ನಡುವೆ ಉತ್ತಮ ಆಂಟೆನಾ ಆಗುತ್ತದೆ. ಲೋಹದ ಛಾವಣಿ ಆ ಆಂಟೆನಾದ ಇನ್ನೊಂದು ಅರ್ಧವಿದ್ದಂತೆ ಕೆಲಸ ಮಾಡುವುದರಿಂದ, ಅದನ್ನು ಡಿಕ್ಕಿಯ ಅಂಚಿಗಿಂತ ಛಾವಣಿಯ ಮಧ್ಯದಲ್ಲಿಡುವುದು ಮೇಲು.

ಟೆಸ್ಲಾದಂತಹ ಗಾಜಿನ ಛಾವಣಿಯ ಕಾರುಗಳಲ್ಲಿ ಅಯಸ್ಕಾಂತ ಹಿಡಿಯುವುದೂ ಇಲ್ಲ, ಕೆಳಗೆ ಲೋಹದ ಹಾಸೂ ಇಲ್ಲ. ಅಲ್ಯೂಮಿನಿಯಂ ದೇಹದ ಫೋರ್ಡ್ ಎಫ್-150ಯಂತಹ ವಾಹನಗಳಲ್ಲಿ ಹಾಸು ಇದ್ದರೂ ಅಯಸ್ಕಾಂತ ನಿಲ್ಲುವುದಿಲ್ಲ. ಅಂತಹವರು ಡಿಕ್ಕಿಯ ಬಾಗಿಲಿಗೋ ಛಾವಣಿಯ ಸರಳಿಗೋ ಕಚ್ಚಿಸುವ ಹಿಡಿಕೆಯನ್ನು ಬಳಸಿ, ಲೋಹದ ಹಾಸನ್ನು ಅವಲಂಬಿಸದ ಅರ್ಧ ಅಲೆಯ ಆಂಟೆನಾವನ್ನು ಆರಿಸಬೇಕು.

ಹೆಚ್ಚು ‘ಡಿಬಿ ಗೇನ್’ (ಡಿಬಿ ಅಂದರೆ ಡೆಸಿಬೆಲ್, ಶಕ್ತಿಯ ಏರಿಳಿತದ ಅಳತೆ) ಇರುವ ಉದ್ದನೆಯ ಆಂಟೆನಾ ಯಾವಾಗಲೂ ಒಳ್ಳೆಯದೆಂದು ಭಾವಿಸುವವರಿದ್ದಾರೆ. ಗೇನ್ ಎಂಬುದು ಶಕ್ತಿಯನ್ನು ಹುಟ್ಟಿಸುವುದಿಲ್ಲ, ಮೇಲೆ ಕೆಳಗೆ ಹೋಗುವುದನ್ನು ಒತ್ತಿ ದಿಗಂತದ ಕಡೆ ತಿರುಗಿಸುತ್ತದೆ. ಟೆಕ್ಸಸ್ ಅಥವಾ ಇಲಿನಾಯ್‌ನ ಬಯಲಿನಲ್ಲಿ ಇದು ಲಾಭ. ಸಿಯೆರಾ ನೆವಾಡಾದ ಕಣಿವೆಯಲ್ಲಿದ್ದುಕೊಂಡು ತಲೆಯ ಮೇಲಿನ ಶಿಖರದ ರಿಪೀಟರನ್ನು ಹಿಡಿಯಬೇಕಾದವರಿಗೆ ಮಾತ್ರ ಚಿಕ್ಕ ಕಾಲು ಅಲೆಯ ಕಡ್ಡಿಯೇ ಹೆಚ್ಚು ಒದಗುತ್ತದೆ.

ಕಾರಿಗೆಂದೇ ಇರುವ ರೇಡಿಯೊ ಬೇಕೆನಿಸಿದರೆ 15 ವಾಟ್‌ನ ಮಾದರಿಗಳನ್ನು 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸಿ ಬಳಸಬಹುದು. ಮಿಡ್‌ಲ್ಯಾಂಡ್ ಎಂಎಕ್ಸ್‌ಟಿ275 ಅಂತಹದೊಂದು. 40–50 ವಾಟ್‌ನವು ಹತ್ತು ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ವಿದ್ಯುತ್ ಎಳೆಯುವುದರಿಂದ ಫ್ಯೂಸ್ ಹಾಕಿದ ದಪ್ಪ ತಂತಿಯನ್ನು ಬ್ಯಾಟರಿಯಿಂದ ನೇರವಾಗಿ ತರಬೇಕು. ಕಾರು ಓಡಿಸುವಾಗ ಕೈಯಲ್ಲಿ ಸಾಧನ ಹಿಡಿಯುವ ಬಗ್ಗೆ ಪ್ರತಿ ರಾಜ್ಯದ ಕಾನೂನೂ ಬೇರೆ. ಪಕ್ಕದಲ್ಲಿ ಕುಳಿತವರು ಮೈಕ್ ಹಿಡಿಯುವುದೇ ನೆಮ್ಮದಿ.

ನಾಲ್ಕನೆಯ ಹಂತ: ಮನೆಯ ಆಂಟೆನಾ

ಹಣ ಮತ್ತು ಶ್ರಮ ಎರಡನ್ನೂ ಹಾಕಬೇಕಾದ ಜಾಗ ಇದು. 9 ಮೀಟರ್ ಎತ್ತರದ ಆಂಟೆನಾದ ದಿಗಂತ ಸುಮಾರು 12 ಕಿಲೋಮೀಟರ್, ಅಂದರೆ ಕೈಯಲ್ಲಿ ಹಿಡಿದದ್ದಕ್ಕಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ದೂರ. ಜೊತೆಗೆ ಗೋಡೆಗಳ ತಡೆಯೂ ತಪ್ಪುತ್ತದೆ. ಕ್ಯಾಲಿಫೋರ್ನಿಯಾದ ಅನೇಕ ಮನೆಗಳ ಗಾರೆಯ ಒಳಗೆ ತಂತಿಯ ಬಲೆಯಿರುತ್ತದೆ, ಹೊಸ ಕಿಟಕಿಗಳ ಗಾಜಿಗೆ ಶಾಖ ತಡೆಯುವ ತೆಳು ಲೋಹದ ಲೇಪವಿರುತ್ತದೆ. ಇವೆರಡೂ ರೇಡಿಯೊ ಅಲೆಗಳಿಗೆ ಕಂಟಕವೇ.

ಬಡಾವಣೆಯ ಮನೆಮಾಲೀಕರ ಸಂಘದ ಒಪ್ಪಿಗೆಯಿಲ್ಲದೆ ಛಾವಣಿಯ ಮೇಲೆ ಕಂಬ ನಿಲ್ಲಿಸುವಂತಿಲ್ಲದ ಕಡೆಗಳಲ್ಲಿ, ಟಿವಿ ಡಿಶ್‌ಗಳಿಗೆ ರಕ್ಷಣೆ ಕೊಡುವ ಎಫ್‌ಸಿಸಿಯ ನಿಯಮ ಜಿಎಂಆರ್‌ಎಸ್ ಆಂಟೆನಾಕ್ಕೆ ಅನ್ವಯಿಸುವುದಿಲ್ಲ. ಅಂತಹವರಿಗೆ ಅಟ್ಟವೇ ಆಸರೆ. ಡಾಂಬರು ಹೆಂಚಿನ ಛಾವಣಿಯ ಕೆಳಗಿನ ಅಟ್ಟದಲ್ಲಿ ಜೆ-ಪೋಲ್ ಎಂಬ ಸರಳ ಆಂಟೆನಾವನ್ನು ನೇತುಹಾಕಿದರೆ ಸಮಾಧಾನಕರವಾಗಿ ಕೆಲಸ ಮಾಡುತ್ತದೆ. ಆದರೆ ಅಟ್ಟದ ಒಳಮೈಗೆ ಶಾಖ ತಡೆಯುವ ಲೋಹದ ಹಾಳೆ ಹೊದಿಸಿದ್ದರೆ ಅಲ್ಲಿ ಆಂಟೆನಾ ಹಾಕಿ ಪ್ರಯೋಜನವಿಲ್ಲ. ಅಪಾರ್ಟ್‌ಮೆಂಟಿನಲ್ಲಿರುವವರು ಸುತ್ತಿಡಬಹುದಾದ ತಂತಿಯ ಜೆ-ಪೋಲನ್ನು ಬೇಕಾದಾಗ ಬಾಲ್ಕನಿಯಲ್ಲಿ ತೂಗಬಹುದು.

ಇನ್ನು ಕೇಬಲ್. ರೇಡಿಯೊದಿಂದ ಆಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲ್ ಸಾಗುತ್ತಾ ಸಾಗುತ್ತಾ ಶಕ್ತಿಯನ್ನು ನುಂಗುತ್ತದೆ, ಕಂಪನಾಂಕ ಹೆಚ್ಚಿದಷ್ಟೂ ಹೆಚ್ಚು ನುಂಗುತ್ತದೆ. ತೆಳ್ಳಗಿನ, ಅಗ್ಗದ ಆರ್‌ಜಿ-58 ಕೇಬಲ್ 450 ಮೆಗಾಹರ್ಟ್ಸ್‌ನಲ್ಲಿ ಪ್ರತಿ 30 ಮೀಟರ್‌ಗೆ ಸುಮಾರು 10 ಡಿಬಿ ಕಳೆಯುತ್ತದೆ. ಬೆರಳು ದಪ್ಪದ ಎಲ್‌ಎಂಆರ್-400 ಅಷ್ಟೇ ಉದ್ದಕ್ಕೆ 2.7 ಡಿಬಿ. ಕೆಳಗಿನ ಕೋಣೆಯಿಂದ ಛಾವಣಿಗೆ 15 ಮೀಟರ್ ಬೇಕೆಂದುಕೊಳ್ಳಿ. 50 ವಾಟ್‌ನ ರೇಡಿಯೊದಿಂದ ಹೊರಟ ಶಕ್ತಿಯಲ್ಲಿ ಆರ್‌ಜಿ-58ರ ತುದಿಗೆ ತಲುಪುವುದು 16 ವಾಟ್ ಮಾತ್ರ. ಎಲ್‌ಎಂಆರ್-400ರ ತುದಿಗೆ ಸುಮಾರು 37 ವಾಟ್ ತಲುಪುತ್ತದೆ. ದೂರದಿಂದ ಬರುವ ದುರ್ಬಲ ದನಿಯೂ ಇದೇ ಪ್ರಮಾಣದಲ್ಲಿ ಸೊರಗಿ ರೇಡಿಯೊಗೆ ಇಳಿಯುತ್ತದೆ, ಅದನ್ನು ಯಾವ ವಾಟ್‌ನಿಂದಲೂ ಸರಿಪಡಿಸಲಾಗದು. ಹಾಗಾಗಿ 50 ವಾಟ್‌ನ ರೇಡಿಯೊ ಮತ್ತು ಕಳಪೆ ಕೇಬಲ್‌ಗಿಂತ 20 ವಾಟ್‌ನ ರೇಡಿಯೊ ಮತ್ತು ಒಳ್ಳೆಯ ಕೇಬಲ್ ಕೊಳ್ಳುವುದು ಜಾಣತನ.

ಆಂಟೆನಾ ಜೋಡಿಸಿದ ಮೇಲೆ ಎಸ್‌ಡಬ್ಲ್ಯುಆರ್ ಅಳೆಯದೆ ಪೂರ್ಣ ಶಕ್ತಿಯಲ್ಲಿ ಮಾತನಾಡಬಾರದು. ಆಂಟೆನಾ ಒಪ್ಪಿಕೊಳ್ಳದೆ ಹಿಂದಿರುಗಿಸುವ ಶಕ್ತಿಯ ಸೂಚಕವದು. 1.5 ಎಂದರೆ ನೂರರಲ್ಲಿ 4 ಭಾಗ ಹಿಂದಿರುಗುತ್ತದೆ, 2 ಎಂದರೆ 11 ಭಾಗ, 3 ಎಂದರೆ 25 ಭಾಗ. 2ಕ್ಕಿಂತ ಕಡಿಮೆಯಿದ್ದರೆ ನಿಶ್ಚಿಂತೆ. ಲಾರಿ ಚಾಲಕರು ಬಳಸುವ ಸಿಬಿ ರೇಡಿಯೊದ ಮೀಟರ್ 27 ಮೆಗಾಹರ್ಟ್ಸ್‌ಗೆ ಮಾಡಿದ್ದು, ಇಲ್ಲಿ ಅದರ ಓದು ಅರ್ಥಹೀನ. ನ್ಯಾನೊವಿಎನ್‌ಎ ಎಂಬ ಅಂಗೈಯಗಲದ ಉಪಕರಣ ಅಗ್ಗವಾಗಿ ಸಿಗುತ್ತದೆ. ಅದರಿಂದ 462 ಮತ್ತು 467 ಮೆಗಾಹರ್ಟ್ಸ್ ಎರಡರಲ್ಲಿಯೂ ಅಳೆಯಬೇಕು, ಏಕೆಂದರೆ ರಿಪೀಟರ್ ಮೂಲಕ ಮಾತನಾಡುವಾಗ ನೀವು ಕಳಿಸುವುದು 467ರಲ್ಲಿ. ಅಳತೆ ಕೆಟ್ಟದಾಗಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ಆಂಟೆನಾವನ್ನಲ್ಲ, ಕೇಬಲ್ ತುದಿಯ ಕನೆಕ್ಟರನ್ನು. ಹೊರಗಿನ ಕನೆಕ್ಟರಿಗೆ ನೀರು ಇಳಿಯದಂತೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಬಿಗಿಯಾಗಿ ಸುತ್ತಬೇಕು.

ಸುರಕ್ಷತೆಯಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. ಕಂಬ ಎತ್ತುವಾಗ ಅದು ಯಾವ ದಿಕ್ಕಿಗೆ ಬಿದ್ದರೂ ವಿದ್ಯುತ್ ತಂತಿಯನ್ನು ಮುಟ್ಟದಷ್ಟು ದೂರವಿರಬೇಕು. ಕಂಬಕ್ಕೂ ಕೇಬಲ್‌ಗೂ ನೆಲಸಂಪರ್ಕ ಕೊಟ್ಟು, ಕೇಬಲ್ ಮನೆಯೊಳಗೆ ಬರುವಲ್ಲಿ ಸಿಡಿಲು ತಡೆಯುವ ಅರೆಸ್ಟರ್ ಹಾಕಿ, ಆ ನೆಲಸಂಪರ್ಕವನ್ನು ಮನೆಯ ಮುಖ್ಯ ನೆಲಸಂಪರ್ಕಕ್ಕೆ ದಪ್ಪ ತಾಮ್ರದ ತಂತಿಯಿಂದ ಕೂಡಿಸಬೇಕು. ಅಮೆರಿಕದ ವಿದ್ಯುತ್ ಸಂಹಿತೆಯ 810ನೆಯ ವಿಧಿ ಇದನ್ನು ವಿವರಿಸುತ್ತದೆ. ತಿಳಿಯದಿದ್ದರೆ ಪರವಾನಗಿಯಿರುವ ಎಲೆಕ್ಟ್ರಿಷಿಯನ್ನನ್ನೇ ಕರೆಯಬೇಕು. 50 ವಾಟ್‌ನಲ್ಲಿ ಮಾತನಾಡುವಾಗ ಮಕ್ಕಳು ಆಂಟೆನಾದ ಹತ್ತಿರ ನಿಲ್ಲದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಐದನೆಯ ಹಂತ: ರಿಪೀಟರ್ ಬಳಸುವುದು

ರಿಪೀಟರ್ ಎಂದರೆ ಎತ್ತರದ ಜಾಗದಲ್ಲಿ ನಿಂತು, ಒಂದು ಕಂಪನಾಂಕದಲ್ಲಿ ಕೇಳಿದ್ದನ್ನು ಅದೇ ಕ್ಷಣ ಮತ್ತೊಂದರಲ್ಲಿ ಗಟ್ಟಿಯಾಗಿ ಮರುನುಡಿಯುವ ಯಂತ್ರ. ಉದಾಹರಣೆಗೆ 462.675ರ (20ನೆಯ ಚಾನಲ್‌ನ) ರಿಪೀಟರ್ ನಿಮ್ಮ ಮಾತನ್ನು 467.675ರಲ್ಲಿ ಕೇಳಿಸಿಕೊಂಡು 462.675ರಲ್ಲಿ ಹೊರಡಿಸುತ್ತದೆ, ಎಂಟೂ ಜೋಡಿಗಳಲ್ಲಿ ಈ ಅಂತರ 5 ಮೆಗಾಹರ್ಟ್ಸ್. ನಿಮ್ಮ ರೇಡಿಯೊದಲ್ಲಿ ಇವು ‘15ಆರ್‌ಪಿ’ಯಿಂದ ‘22ಆರ್‌ಪಿ’ಯವರೆಗೆ ಅಥವಾ 23ರಿಂದ 30ರವರೆಗಿನ ಸಂಖ್ಯೆಗಳಾಗಿ ಇರುತ್ತವೆ. ಕೈರೇಡಿಯೊ ಹಿಡಿದ ಇಬ್ಬರಿಗೂ ರಿಪೀಟರ್ ಕಾಣುವಂತಿದ್ದರೆ ಸಾಕು, ಅವರಿಬ್ಬರ ನಡುವೆ ಗುಡ್ಡವೇ ಇದ್ದರೂ ಮಾತು ದಾಟುತ್ತದೆ.

ನಿಮ್ಮ ಸುತ್ತಲಿನ ರಿಪೀಟರ್‌ಗಳನ್ನು ಮೈಜಿಎಂಆರ್‌ಎಸ್ ಜಾಲತಾಣದ ಪಟ್ಟಿಯಲ್ಲಿ ಹುಡುಕಬಹುದು. ಅವುಗಳನ್ನು ನಡೆಸುವವರು ಸ್ವಂತ ಖರ್ಚಿನಲ್ಲಿ ಜಾಗದ ಬಾಡಿಗೆ, ವಿದ್ಯುತ್, ದುರಸ್ತಿ ಎಲ್ಲವನ್ನೂ ಹೊರುತ್ತಿರುವ ಖಾಸಗಿ ವ್ಯಕ್ತಿಗಳು ಅಥವಾ ಕ್ಲಬ್‌ಗಳು. ‘ಮುಕ್ತ’ ಎಂದು ಬರೆದಿದ್ದರೂ ಒಂದು ಸಾಲಿನ ವಿನಂತಿ ಕಳಿಸಿ ಅನುಮತಿ ಪಡೆಯುವುದು ಸೌಜನ್ಯ; ‘ಅನುಮತಿ ಅಗತ್ಯ’ ಎಂದಿದ್ದರೆ ಅದು ಕಡ್ಡಾಯ. ಅನುಮತಿಯೊಡನೆ ಅವರು ಟೋನ್ ತಿಳಿಸುತ್ತಾರೆ. ಅದನ್ನು ಕಳಿಸುವ ಟೋನ್ ಆಗಿ ಹಾಕಿ, ಕೇಳುವ ಟೋನನ್ನು ಆರಂಭದಲ್ಲಿ ಖಾಲಿ ಬಿಡಿ. ಹಾಗೆ ಬಿಟ್ಟರೆ ಆ ಚಾನಲ್‌ನಲ್ಲಿ ಬೇರೆ ಯಾರಾದರೂ ಮಾತನಾಡುತ್ತಿದ್ದರೆ ನಿಮಗೆ ತಿಳಿಯುತ್ತದೆ, ಅವರ ಮೇಲೆ ಮಾತನಾಡುವ ಅನಾಹುತ ತಪ್ಪುತ್ತದೆ.

ಮೊದಲ ಕರೆ ಹೀಗಿರಲಿ. ಅರ್ಧ ನಿಮಿಷ ಸುಮ್ಮನೆ ಕೇಳಿ. ಗುಂಡಿ ಒತ್ತಿ, ರಿಪೀಟರ್ ಎಚ್ಚರಗೊಳ್ಳಲು ಒಂದು ಸೆಕೆಂಡ್ ಬಿಟ್ಟು, ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಮೈಕ್ ಹಿಡಿದು ನಿಮ್ಮ ಕರೆ ಸಂಕೇತವನ್ನು ಹೇಳಿ. ಗುಂಡಿ ಬಿಟ್ಟ ಮೇಲೆ ಒಂದೆರಡು ಸೆಕೆಂಡ್ ರಿಪೀಟರಿನ ಉಳಿದ ದನಿ, ಒಂದು ಸಣ್ಣ ‘ಖಟ್’ ಅಥವಾ ಬೀಪ್ ಕೇಳಿಸಿದರೆ ನೀವು ತಲುಪಿದ್ದೀರಿ. ಕೇಳಿಸುತ್ತದೆ ಆದರೆ ತಲುಪುತ್ತಿಲ್ಲ ಎಂದಾದರೆ ಕ್ರಮವಾಗಿ ಪರೀಕ್ಷಿಸಿ: ನೀವಿರುವುದು ಬರೀ 20ನೆಯ ಚಾನಲ್‌ನಲ್ಲೋ ಅದರ ರಿಪೀಟರ್ ಜೋಡಿಯಲ್ಲೋ, ಟೋನ್ ಹರ್ಟ್ಸ್ ಸಮೇತ ಸರಿಯಿದೆಯೇ, ಶಕ್ತಿ ‘ಲೋ’ನಲ್ಲಿದೆಯೇ. ಇಷ್ಟೂ ಸರಿಯಿದ್ದರೆ ಜಾಗ ಬದಲಿಸಬೇಕು. ಎಷ್ಟೋ ಸಲ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೂ ಸಾಕಾಗುತ್ತದೆ. ನಿಮ್ಮ ದನಿ ಬಹಳ ಮೆಲ್ಲಗೆ ಕೇಳಿಸುತ್ತಿದೆಯೆಂದು ಎದುರಿನವರು ಹೇಳಿದರೆ ರೇಡಿಯೊ ‘ನ್ಯಾರೊ’ದಲ್ಲಿದ್ದು (ಕಿರಿದಾದ ಪಟ್ಟಿ) ರಿಪೀಟರ್ ‘ವೈಡ್’ನಲ್ಲಿರುವ (ಅಗಲವಾದ ಪಟ್ಟಿ) ಸಾಧ್ಯತೆ ಹೆಚ್ಚು.

462.675ಕ್ಕೆ 141.3 ಹರ್ಟ್ಸ್ ಟೋನ್ ಹಾಕುವುದು ಪ್ರಯಾಣಿಕರ ನಡುವೆ ಬಹುಕಾಲದಿಂದ ಬಂದ ರೂಢಿ. ಕೆಲವು ರಿಪೀಟರ್‌ಗಳು ಈ ಟೋನ್‌ಗೆ ಎಲ್ಲರಿಗೂ ತೆರೆದಿರುತ್ತವೆ. ಆದರೆ ಅಲ್ಲಿ ಸದಾ ಯಾರೋ ಕೇಳುತ್ತಿರುತ್ತಾರೆಂದು ಭಾವಿಸಬಾರದು. ಈ ಸೇವೆ 911ಕ್ಕೆ ಬದಲಿಯಲ್ಲ. ಪ್ರಾಣಾಪಾಯದ ಹೊತ್ತಿಗೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಫೋನ್ ಅಥವಾ ಸಾಧನವೇ ಸರಿಯಾದ ಆಸರೆ. ಕೆನಡಾ ಗಡಿಯ ಸಮೀಪದ, ಲೈನ್ ಎ ಎಂಬ ಗೆರೆಯ ಉತ್ತರಕ್ಕಿರುವ ಸಿಯಾಟಲ್, ಡೆಟ್ರಾಯಿಟ್, ಬಫಲೊದಂತಹ ಊರುಗಳವರು ತಮ್ಮ ಪರವಾನಗಿಯ ಷರತ್ತುಗಳನ್ನು ಓದಿಕೊಳ್ಳಬೇಕು, 462.650 ಮತ್ತು 462.700 ಹಾಗೂ ಅವುಗಳ ರಿಪೀಟರ್ ಜೋಡಿಗಳ ಮೇಲೆ ನಿರ್ಬಂಧವೇನಾದರೂ ಇದ್ದರೆ ಅಲ್ಲಿ ಮುದ್ರಿತವಾಗಿರುತ್ತದೆ.

ಕನ್ನಡದಲ್ಲಿ ಮಾತು, ಇಂಗ್ಲಿಷಿನಲ್ಲಿ ಸಂಕೇತ

ಜಿಎಂಆರ್‌ಎಸ್‌ನಲ್ಲಿ ಧಾರಾಳವಾಗಿ ಕನ್ನಡದಲ್ಲಿ ಮಾತನಾಡಬಹುದು. ಗುಪ್ತಾರ್ಥದ ಸಂದೇಶಗಳಿಗೆ ನಿಷೇಧವಿದೆ, ಆದರೆ ಒಂದು ಭಾಷೆಯ ಸಹಜ ಮಾತು ಗುಪ್ತ ಸಂಕೇತವಲ್ಲ. ಕರೆ ಸಂಕೇತವನ್ನು ಮಾತ್ರ ಇಂಗ್ಲಿಷಿನಲ್ಲಿಯೇ ಅಥವಾ ಮೋರ್ಸ್‌ನಲ್ಲಿ ಹೇಳಬೇಕೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಸಂಭಾಷಣೆ ಮುಗಿದಾಗ ಒಮ್ಮೆ, ಅದು ದೀರ್ಘವಾದರೆ ಪ್ರತಿ 15 ನಿಮಿಷಕ್ಕೊಮ್ಮೆ ಹೇಳಬೇಕು. ಎರಡು ಕಾರುಗಳ ನಡುವಿನ ಮಾತು ಹೀಗೆ ನಡೆಯುತ್ತದೆ:

“ಅಣ್ಣಾ, ಮುಂದಿನ ಎಕ್ಸಿಟ್‌ನಲ್ಲಿ ಹೊರಗೆ ತಗೊಳ್ಳಿ. ಅಮ್ಮ ಸ್ವಲ್ಪ ಕೈಕಾಲು ಸಡಿಲ ಮಾಡ್ಕೋಬೇಕಂತೆ. ಓವರ್.”

“ಸರಿ ಕಣೋ, ನಮಗೂ ಪೆಟ್ರೋಲ್ ಹಾಕಿಸ್ಬೇಕಿತ್ತು. ಬಲಗಡೆ ಲೇನಿಗೆ ಬರ್ತಿದೀನಿ. ಓವರ್.”

“ಆಯ್ತು, ಹಿಂದೇನೇ ಇದೀವಿ.” ಇದರ ಕೊನೆಗೆ ಇಬ್ಬರೂ ತಮ್ಮ ಕುಟುಂಬದ ಕರೆ ಸಂಕೇತವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೇಳಿ ಮುಗಿಸುತ್ತಾರೆ.

‘ಓವರ್’ ಕಡ್ಡಾಯವಲ್ಲ. ಆದರೂ ಒಬ್ಬರು ಮಾತನಾಡುವಾಗ ಇನ್ನೊಬ್ಬರು ಮಾತನಾಡಲಾಗದ ಮಾಧ್ಯಮದಲ್ಲಿ ಸರದಿ ಬಿಟ್ಟುಕೊಟ್ಟದ್ದು ತಿಳಿಯಲು ಅದು ಸಹಾಯಕ, ಮೊದಲ ಬಾರಿ ರೇಡಿಯೊ ಹಿಡಿದ ಹಿರಿಯರಿಗಂತೂ ಬಹಳ ಉಪಯುಕ್ತ. ಅವರಿಗೆ ಗುಂಡಿ ಒತ್ತಿ, ತಡೆದು, ಮಾತನಾಡಿ, ಬಿಡುವ ಕ್ರಮವನ್ನು ಮನೆಯಲ್ಲಿಯೇ ನಾಲ್ಕಾರು ಸಲ ಅಭ್ಯಾಸ ಮಾಡಿಸಬೇಕು. ಕೀಲಿಗಳನ್ನು ಲಾಕ್ ಮಾಡಿ ಕೊಟ್ಟರೆ ಚಾನಲ್ ತಾನಾಗಿ ಬದಲಾಗದು. ಹಾಡು ಕೇಳಿಸುವುದು, ಜಾಹೀರಾತು ಹೇಳುವುದು ನಿಷಿದ್ಧ.

ಮನೆಯವರೆಲ್ಲ ಕುಳಿತು ಒಂದು ಚೀಟಿಯಲ್ಲಿ ಮುಖ್ಯ ಚಾನಲ್, ಅದು ಗದ್ದಲವಾಗಿದ್ದರೆ ಬಳಸುವ ಎರಡನೆಯ ಚಾನಲ್, ಹತ್ತಿರದ ರಿಪೀಟರ್ ಮತ್ತು ಅದರ ಟೋನ್, ಸಂಪರ್ಕ ಕಡಿದಾಗ ಪ್ರತಿ ಗಂಟೆಯ ಮೊದಲ ಐದು ನಿಮಿಷ ರೇಡಿಯೊ ತೆರೆದಿಡುವ ಒಪ್ಪಂದ ಇಷ್ಟನ್ನು ಬರೆದು ಪ್ರತಿ ರೇಡಿಯೊದ ಬೆನ್ನಿಗೆ ಅಂಟಿಸಿಕೊಳ್ಳಿ. ತಿಂಗಳಿಗೊಮ್ಮೆ ಬ್ಯಾಟರಿ ತುಂಬಿಸಿ ಕರೆ ಮಾಡಿ ನೋಡಿ.

ಸ್ವಂತ ರಿಪೀಟರ್ ಬೇಕೇ

ಬಹುತೇಕ ಕುಟುಂಬಗಳಿಗೆ ಬೇಡ ಎಂಬುದು ನನ್ನ ಉತ್ತರ. ರಿಪೀಟರ್ ಒಂದೇ ಆಂಟೆನಾದಲ್ಲಿ ಕೂಗುತ್ತಲೇ ಕೇಳಿಸಿಕೊಳ್ಳಬೇಕು. ಪಕ್ಕದಲ್ಲಿ ಡೊಳ್ಳು ಬಾರಿಸುತ್ತಿರುವಾಗ ದೂರದ ಪಿಸುಮಾತನ್ನು ಹಿಡಿಯುವಷ್ಟು ಕಷ್ಟದ ಕೆಲಸವದು. ಎರಡು ಕಂಪನಾಂಕಗಳನ್ನು ಬೇರ್ಪಡಿಸುವ ಡುಪ್ಲೆಕ್ಸರ್ ಎಂಬ ಭಾಗ ಚೆನ್ನಾಗಿಲ್ಲದಿದ್ದರೆ ರಿಪೀಟರ್ ತನ್ನದೇ ಗದ್ದಲಕ್ಕೆ ಕಿವುಡಾಗುತ್ತದೆ. 50 ವಾಟ್‌ಗೆ ತಕ್ಕ ಡುಪ್ಲೆಕ್ಸರ್ ಭಾರವೂ ದುಬಾರಿಯೂ ಹೌದು. ಅದಕ್ಕಿಂತ ದೊಡ್ಡ ತೊಡಕು ಜಾಗ: ತಗ್ಗಿನ ಮನೆಯ ಛಾವಣಿಯ ಮೇಲಿಟ್ಟ ರಿಪೀಟರ್, ಅದೇ ಛಾವಣಿಯ ಒಳ್ಳೆಯ ಆಂಟೆನಾ ಕೊಡುವುದಕ್ಕಿಂತ ಹೆಚ್ಚೇನನ್ನೂ ಕೊಡುವುದಿಲ್ಲ.

ರಿಟೆವಿಸ್ ಆರ್‌ಟಿ97ನಂತಹ, ಡುಪ್ಲೆಕ್ಸರ್ ಒಳಗೇ ಇರುವ ಚಿಕ್ಕ ರಿಪೀಟರ್‌ಗಳಿಗೆ ಮಾತ್ರ ಒಂದು ನಿಜವಾದ ಉಪಯೋಗವಿದೆ. ಹಲವು ಕುಟುಂಬಗಳು ಶಿಬಿರ ಹೂಡಿದಾಗ ಬ್ಯಾಟರಿಯೊಂದಿಗೆ ಅದನ್ನು ಪಕ್ಕದ ಗುಡ್ಡದ ನೆತ್ತಿಗೆ ಒಯ್ದು, ಆಂಟೆನಾವನ್ನು ಉದ್ದನೆಯ ಕೋಲಿಗೆ ಕಟ್ಟಿ ನಿಲ್ಲಿಸಿದರೆ ಎರಡೂ ಕಣಿವೆಗಳಲ್ಲಿ ಚಾರಣ ಮಾಡುವವರಿಗೆ ಸಂಪರ್ಕ ಒದಗುತ್ತದೆ. ಅದನ್ನು ನಿಮ್ಮ ಪರವಾನಗಿಯ ಕುಟುಂಬವಷ್ಟೇ ಬಳಸುತ್ತಾ ತಮ್ಮ ಕರೆ ಸಂಕೇತ ಹೇಳುತ್ತಿದ್ದರೆ ರಿಪೀಟರ್ ಪ್ರತ್ಯೇಕವಾಗಿ ಗುರುತು ಹೇಳಬೇಕಿಲ್ಲ. ಬೇರೆ ಪರವಾನಗಿಯವರೂ ಬಳಸಿದರೆ ಹೇಳಬೇಕು.

ಗಡಿ ದಾಟುವಾಗ

ಈ ಪರವಾನಗಿ ಅಮೆರಿಕದ ಒಳಗಷ್ಟೇ ಸಲ್ಲುತ್ತದೆ. ನಯಾಗರಾದ ಆಚೆ ದಡಕ್ಕೆ ಹೋದವರು ನೆನಪಿಡಬೇಕಾದದ್ದು, ಕೆನಡಾದಲ್ಲಿ ಜಿಎಂಆರ್‌ಎಸ್‌ಗೆ ಪರವಾನಗಿ ಬೇಡ, ಆದರೆ 2 ವಾಟ್‌ನ ಕೈರೇಡಿಯೊಗಳಿಗಷ್ಟೇ ಅವಕಾಶ, ರಿಪೀಟರ್ ಇಲ್ಲ. ರಜೆಗೆ ಊರಿಗೆ ಬರುವಾಗ ಜಿಎಂಆರ್‌ಎಸ್ ರೇಡಿಯೊಗಳನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರಬೇಡಿ. ಭಾರತದಲ್ಲಿ 462 ಮತ್ತು 467 ಮೆಗಾಹರ್ಟ್ಸ್ ಪರವಾನಗಿಯಿಲ್ಲದ ಬಳಕೆಗೆ ತೆರೆದಿಲ್ಲ. ಅಲ್ಲಿ 2018ರ ನಿಯಮಗಳ ಪ್ರಕಾರ ಪರವಾನಗಿಯಿಂದ ವಿನಾಯಿತಿ ಇರುವುದು 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ರೇಡಿಯೊಗಳಿಗೆ. ಚಿಕ್ಕಮಗಳೂರಿನ ತೋಟದಲ್ಲಿಯೋ ಕುದುರೆಮುಖದ ಚಾರಣದಲ್ಲಿಯೋ ವಾಕಿಟಾಕಿ ಬೇಕೆನ್ನುವವರು ಅಲ್ಲಿಯ ಅನುಮೋದನೆಯಿರುವ ಆ ಶ್ರೇಣಿಯ ಜೋಡಿಯನ್ನು ಅಲ್ಲಿಯೇ ಕೊಳ್ಳಬೇಕು.